ಶಾಂತಾದೇವಿಯವರ ಹಸಿರು ಸೀರೆ

ನಾಟಕಕ್ಕೆ ನಾವು ಐದು ಜನ ಹೋದೆವು, ಕುವೆಂಪುನಗರದ ಒಂದೇ ಬೀದಿಯವರು. ನಾಲ್ವರು ನಗಲು ಹೋಗಿದ್ದೆವು. ಮೃತ್ಯುಂಜಯ ಮೇಷ್ಟ್ರು ಮಾತ್ರ ಬೆವರಲು.

ನಾಟಕಕ್ಕೆ ಆಧಾರವಾದ ಕಾದಂಬರಿ ಅವರದೇ. ಬಾಡಿಗೆಯವರಿಗೆ ಬೆಳಿಗ್ಗೆ ಆರೂವರೆಗೆ ಸರಿಯಾಗಿ ನೀರು ನಿಲ್ಲಿಸುವ ಮನೆಯೊಡತಿಯ ಕಥೆ. ಮೇಷ್ಟ್ರು ಹನ್ನೊಂದು ವರ್ಷದಿಂದ ಶಾಂತಾದೇವಿಯವರ ಮಹಡಿ ಮನೆಯಲ್ಲಿದ್ದಾರೆ. ಅಲ್ಲಿ ನೀರು ನಿಲ್ಲುವುದೂ ಆರೂವರೆಗೇ. ಆಕೆ ಪುಸ್ತಕ ಮುಟ್ಟುವವರಲ್ಲ ಎಂಬ ಧೈರ್ಯದ ಮೇಲೆ ಬರೆದದ್ದು. ಅದನ್ನು ನಗೆನಾಟಕ ಮಾಡುತ್ತಾರೆಂದು ಯಾರು ಕಂಡಿದ್ದರು? ಆಕೆಗೆ ತಿಳಿದರೆ ಮೇಷ್ಟ್ರು ಮನೆ ಖಾಲಿ ಮಾಡಬೇಕು. ಅದರಲ್ಲಿ ನಮಗಾರಿಗೂ ಅನುಮಾನವಿರಲಿಲ್ಲ.

ಆಕೆ ಮೇಷ್ಟ್ರ ಪಕ್ಕದಲ್ಲೇ ಕೂತಿದ್ದರು, ಮಡಿಲಲ್ಲಿ ಕೋಡುಬಳೆ ಡಬ್ಬಿ. ಆಕೆಯನ್ನು ಬಿಟ್ಟು ಬರುವಂತಿರಲಿಲ್ಲ. ನಾಟಕದ ನಿರ್ದೇಶಕಿ ಗೌತಮಿ ಹಳೇ ಬಟ್ಟೆ ಕೇಳಿಕೊಂಡು ಬೀದಿಗೆ ಬಂದಾಗ ಸೀರೆ ಕೊಟ್ಟವರು ಆಕೆಯೊಬ್ಬರೇ.

"ನನ್ನ ಸೀರೆ ರಾಣಿಗೆ ಉಡಿಸ್ತಾರೇನ್ರಿ ಮೇಷ್ಟ್ರೇ?"

"ಇರಬೇಕಮ್ಮ," ಅಂದರು ಮೇಷ್ಟ್ರು, ರಾಣಿಯೇ ಇಲ್ಲದ ಕಾದಂಬರಿ ಬರೆದವರು.

ಪರದೆ ಸರಿಯಿತು. ಮನೆಯೊಡತಿ ಬಂದಳು. ಹಸಿರು ರೇಷ್ಮೆ, ಕೆಂಪಂಚು. ವಯಸ್ಸಾದ ಪಾತ್ರಕ್ಕೆ ವಯಸ್ಸಾದ ಸೀರೆ. ಗೌತಮಿ ಯೋಚಿಸಿದ್ದು ಅಷ್ಟೇ.

"ಆರೂವರೆ ಆಯ್ತು! ಸೋಪು ಹಚ್ಕೊಂಡಿದ್ರೆ ಒರೆಸ್ಕೊಳ್ಳಿ!"

ಸಭೆ ಬಿದ್ದು ಬಿದ್ದು ನಕ್ಕಿತು. ನಮ್ಮ ಸಾಲಿನಲ್ಲಿ ಕೋಡುಬಳೆ ಮುರಿಯುವ ಸದ್ದು ನಿಂತಿತು.

ಗೂಡ್ಸ್ ಆಟೋ ಓಡಿಸುವ ಮನೋಹರ್ ಹಿಂದಿನಿಂದ ಬಗ್ಗಿ ಪಿಸುಗುಟ್ಟಿದ. "ಗಾಡಿ ಹೊರಗೇ ನಿಲ್ಲಿಸಿವ್ನಿ ಮೇಷ್ಟ್ರೇ. ಸಾಮಾನು ಇವತ್ತೇ ಸಾಗಿಸ್ಬುಡನ?"

"ಬಾಯ್ಮುಚ್ಕೊಂಡು ಕೂತ್ಕೊಳ್ಳೋ."

ಮುಂದಿನ ಒಂದೂವರೆ ಗಂಟೆ ಶಾಂತಾದೇವಿ ಕಣ್ಣು ಮಿಟುಕಿಸಿದ್ದನ್ನು ನಾನು ಕಾಣಲಿಲ್ಲ. ಮೇಷ್ಟ್ರು ತಮ್ಮದೇ ಒಂದೊಂದು ಮಾತಿಗೂ ಕುಗ್ಗುತ್ತಾ ಹೋದರು.

ನಾಟಕ ಮುಗಿಯಿತು. ಗೌತಮಿ ಮೈಕು ಹಿಡಿದಳು. "ಈ ಚೆಂದದ ಸೀರೆ ಕೊಟ್ಟ ಶಾಂತಾದೇವಿ ಅಮ್ಮ ವೇದಿಕೆಗೆ ಬರಬೇಕು!"

ಆಕೆ ಡಬ್ಬಿಯನ್ನು ಮೇಷ್ಟ್ರ ಕೈಗಿಟ್ಟು ಎದ್ದರು. ಮೆಟ್ಟಿಲು ಹತ್ತಿ ನಟಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ಅವಳ ಸೆರಗು ಬಿಗಿಯಾಗಿ ಎಳೆದು ಎಡಸೊಂಟಕ್ಕೆ ಸಿಕ್ಕಿಸಿದರು.

"ಹಂಗೆ ಇಳಿಬಿಡಬಾರದು ಕಣಮ್ಮ. ನೀರಿನ ವಾಲ್ವ್ ತಿರುಗಿಸೋವಾಗ ಅಡ್ಡ ಬರ್ತದೆ."

ಇದೂ ನಾಟಕದ್ದೇ ಎಂದುಕೊಂಡು ಸಭೆ ಇನ್ನೊಮ್ಮೆ ನಕ್ಕಿತು. ಮೇಷ್ಟ್ರು ಎದ್ದು ನಿಂತಿದ್ದರು, ಡಬ್ಬಿಯನ್ನು ಎದೆಗವಚಿಕೊಂಡು.

ಆಕೆ ಇಳಿದು ಬಂದು ಡಬ್ಬಿ ಇಸಿದುಕೊಂಡರು.

"ಅಮ್ಮಾ, ಮನೆ..."

"ಮನೆ ಎಲ್ಲಿಗೂ ಹೋಗಲ್ಲ. ನೀವೂ ಹೋಗ್ಬೇಡಿ, ಬರ್ಕೊಂಡಿರಿ." ಒಂದು ಕೋಡುಬಳೆ ತೆಗೆದು ಅವರ ಕೈಗಿಟ್ಟರು. "ನಾಳೆಯಿಂದ ನೀರು ಆರು ಗಂಟೆವರೆಗೆ ಮಾತ್ರ."