ಬಚ್ಚಲಿನಿಂದ ದೇವರ ಕೋಣೆಗೆ

ನಮ್ಮ ಮನೆಯ ಬಚ್ಚಲಿನಿಂದ ದೇವರ ಕೋಣೆಗೆ ಹದಿನೆಂಟು ಹೆಜ್ಜೆ. ಅದು ನನ್ನ ಹೆಜ್ಜೆಯಲ್ಲಿ. ಅತ್ತೆಯ ಹೆಜ್ಜೆಯಲ್ಲಾದರೆ ಮೂವತ್ತರ ಮೇಲೆ. ಎರಡು ಸಾವಿರದ ನಾಲ್ಕನೇ ಇಸವಿ ಪೂರ್ತಿ ನನ್ನ ತಲೆಯಲ್ಲಿ ಈ ದಾರಿ ಬಿಟ್ಟು ಬೇರೇನೂ ಇರಲಿಲ್ಲ.

ಹಿಂದಿನ ಮಾಗಿಯಲ್ಲಿ ನಮ್ಮತ್ತೆ ಸಿದ್ದಲಿಂಗಮ್ಮ ಅದೇ ದಾರಿಯಲ್ಲಿ, ನಮ್ಮ ಕೆಂಪು ಗಾರೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಮೈಸೂರಿನಲ್ಲಿ ಆಪರೇಷನ್ ಮಾಡಿ ರಾಡು ಹಾಕಿದರು. ಮನೆಗೆ ಕಳಿಸುವಾಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದು ಸಲ ಬಿದ್ರೆ ಓಡಾಡೋದು ಮರೆತುಬಿಡಿ" ಎಂದರು. ನನ್ನನ್ನೇ ಏಕೆ ಕರೆದರೋ! ಅತ್ತೆಯ ಹೆತ್ತ ಮಗ, ಅಂದರೆ ನನ್ನ ಗಂಡ ಶಿವರಾಜು, ಅಲ್ಲೇ ಕಂಬದ ಹಾಗೆ ನಿಂತಿದ್ದರು.

ಕೈ ಹಿಡಿದು ನಡೆಸಬಾರದೇ ಎಂದು ನೀವು ಕೇಳಬಹುದು. ನಮ್ಮತ್ತೆಯನ್ನು ಬಲ್ಲವರು ಹಾಗೆ ಕೇಳುವುದಿಲ್ಲ. ತಲೆಯ ಮೇಲೆ ನೀರು ಬಿದ್ದ ಗಳಿಗೆಯಿಂದ ಲಿಂಗಪೂಜೆ ಮುಗಿಯುವ ತನಕ ಅವರು ಮಡಿ, ಮೈಲಿಗೆಯವರು ಮುಟ್ಟಕೂಡದು. ನಾನು ಐದಕ್ಕೇ ಮಿಂದರೂ ಆಮೇಲೆ ಕಸ, ಮುಸುರೆ ಎಲ್ಲ ಮುಟ್ಟುವುದರಿಂದ ಆ ಸ್ನಾನ ಅವರ ಲೆಕ್ಕಕ್ಕಿಲ್ಲ. ಅವರಿಗೋ ಬಿಸಿಲೇರಿದ ಮೇಲೆಯೇ ಸ್ನಾನ. ಅಷ್ಟು ಹೊತ್ತಿಗೆ ಗಂಡ ಕಾರ್ಖಾನೆಗೆ, ನಾನು ತಿ. ನರಸೀಪುರದ ಕಡೆಯ ನನ್ನ ಸ್ಕೂಲಿಗೆ ಹೊರಟಾಗಿರುತ್ತದೆ. ಒದ್ದೆ ಸೀರೆ, ಒದ್ದೆ ಪಾದ, ಕೈಯಲ್ಲಿ ಪೂಜೆಯ ನೀರಿನ ತಂಬಿಗೆ. ಅವರನ್ನು ಹಿಡಿದು ನಿಲ್ಲಿಸಬೇಕಾದದ್ದು ನೆಲವೊಂದೇ.

ಹಾಗಾಗಿ ನೆಲ ಬದಲಾಯಿಸಲು ಹೊರಟೆ. ನಂಜನಗೂಡಿನಲ್ಲಿ ಊಟಿ ರಸ್ತೆಯ ಅಂಗಡಿಯವನು ಹೊಳೆಯುವ ಟೈಲ್ಸ್ ಹಾಸಿ, "ನಿಮ್ ಮುಖ ಕಾಣ್ತದೆ ನೋಡಿ ಮೇಡಂ" ಎಂದ.

"ಮುಖ ನೋಡ್ಕೊಳ್ಳೋಕೆ ಮನೇಲಿ ಕನ್ನಡಿ ಇದೆ ಕಣ್ರೀ" ಎಂದು ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅದರ ಮೇಲೆ ಸುರಿದೆ. ಚಪ್ಪಲಿ ಬಿಟ್ಟು ಹತ್ತಿದೆ. ಎರಡನೇ ಹೆಜ್ಜೆಗೇ ಜಾರಿ ಅವನ ಮೇಜು ಹಿಡಿದುಕೊಂಡೆ. ನನಗೇ ಹೀಗಾದರೆ ಎಪ್ಪತ್ತಾರರ ಮುದುಕಿಗೆ? ಪಾಲಿಶ್ ಮಾಡಿದ ಮೊಸಾಯಿಕ್ಕೂ ಅಷ್ಟೇ, ಗ್ರಾನೈಟೂ ಅಷ್ಟೇ. ಬಾಟಲಿ ಹಿಡಿದು ಬರುವ ಟೀಚರಮ್ಮನನ್ನು ಕಂಡರೆ ಅಂಗಡಿಯವರು ಒಳಗೆ ಹೋಗಿಬಿಡುವ ಹಾಗಾಯಿತು.

ಕೊನೆಗೆ ದಾರಿ ತೋರಿಸಿದ್ದು ತಿ. ನರಸೀಪುರದಲ್ಲಿ ಕಲ್ಲಿನ ಡಿಪೋ ಇಟ್ಟಿದ್ದ ರಾಚಯ್ಯ. "ಉಳಿ ಒಡೆದ ಒರಟು ಚಪ್ಪಡಿ ಆಕ್ಸಿ ಅಮ್ಮಾವ್ರೇ. ನಿಮ್ ಮೊಮ್ಮಕ್ಕಳು ಮುದುಕ್ರಾದ್ರೂ ಸವೆಯಾಕಿಲ್ಲ. ಎಣ್ಣೆ ಸುರುದ್ರೂ ಜಾರಾಕಿಲ್ಲ."

ಸುರಿದು ನೋಡಿದೆ. ಜಾರಲಿಲ್ಲ. ಆ ಕಲ್ಲಿನ ಮೇಲೆ ನಿಂತಾಗ ಅಳು ಬಂತು.

"ಇದೇನು ಮನೆನೋ, ದೇವಸ್ಥಾನದ ಅಂಗಳನೋ?" ಎಂದು ಗಂಡ ಗೊಣಗಿದರು. ಕಲ್ಲು ಕೂರಿಸಲು ಬಂದ ಗಾರೆ ಕೆಲಸದ ತಿಮ್ಮಯ್ಯ, "ದೊಡ್ಡಮ್ಮೋರ್ನ ಒಂದ್ ಮಾತು ಕೇಳುದ್ರಾ?" ಎಂದ.

"ಬಿದ್ದೋರೇ ಅವರು. ಅವರನ್ನ ಕೇಳೋದೇನಿದೆ, ಹಾಕು" ಎಂದು ಗದರಿದೆ. ಅತ್ತೆ ಮೂಲೆಯಲ್ಲಿ ಕೂತು ನೋಡುತ್ತಿದ್ದರು.

ಭಾನುವಾರ ಅತ್ತೆ ಗೋಡೆ ಹಿಡಿದು ಆ ನೆಲದ ಮೇಲೆ ಮೆಲ್ಲಗೆ ನಡೆದು ದೇವರ ಕೋಣೆ ಸೇರಿದರು. ನಾನು ಉಸಿರು ಬಿಗಿಹಿಡಿದು ನೋಡಿದೆ. ಮುಂದಿನ ಭಾನುವಾರವೂ ನಡೆದರು. ಗೆದ್ದೆ ಅಂದುಕೊಂಡೆ.

ಆಮೇಲೆ ಒಗೆಯುವಾಗ ಅವರ ಸೀರೆ ಕಣ್ಣಿಗೆ ಬಿತ್ತು. ಕೂರುವ ಭಾಗದಲ್ಲಿ ನೂಲು ಎದ್ದು ಜರಡಿಯಾಗಿತ್ತು. ಕೇಳಿದರೆ, "ಅಳೇ ಸೀರೆ ಕಣವ್ವ" ಎಂದರು. ವಾರ ಕಳೆದ ಮೇಲೆ ಇನ್ನೊಂದು ಸೀರೆ. ಮೂರನೆಯದು ಆ ವರ್ಷದ ಗೌರಿ ಹಬ್ಬಕ್ಕೆ ತಂದದ್ದು. ಅದರಲ್ಲಿ ಹರಿದಲ್ಲೇ ರಕ್ತದ ಕಲೆಯಿತ್ತು. ಬೀಳುತ್ತಿದ್ದಾರೆ, ಬಿದ್ದು ಮುಚ್ಚಿಡುತ್ತಿದ್ದಾರೆ.

ಮರುದಿನ ಎಂದಿನಂತೆ ಬಸ್ಸು ಹತ್ತಿದೆ. ಮೊದಲ ಸ್ಟಾಪಿನಲ್ಲೇ ಇಳಿದು ಓಡೋಡಿ ಬಂದು ಹಿತ್ತಲ ಬಾಗಿಲಿನಿಂದ ಒಳಗೆ ಹೋದೆ.

ಅತ್ತೆ ನೆಲದ ಮೇಲಿದ್ದರು. ಒದ್ದೆ ಸೀರೆಯಲ್ಲಿ, ಎರಡೂ ಅಂಗೈ ಊರಿ, ಕೂತಲ್ಲಿಂದ ಮೈ ಜರುಗಿಸುತ್ತ ದೇವರ ಕೋಣೆಯ ಕಡೆಗೆ ತೆವಳುತ್ತಿದ್ದರು. ತಂಬಿಗೆಯನ್ನು ಮುಂದಕ್ಕೆ ಇಡುವುದು, ಜರುಗುವುದು, ಮತ್ತೆ ಇಡುವುದು. ಅರ್ಧ ದಾರಿಯೂ ಆಗಿರಲಿಲ್ಲ.

"ಬಿದ್ರಾ ಅತ್ತೆ?" ಎಂದು ಕೂಗಿ ಹತ್ತಿರ ಹೋದೆ.

"ಮುಟ್ಬ್ಯಾಡ! ಬೀಳ್ನಿಲ್ಲ. ಬೀಳಬಾರ್ದು ಅಂತ್ಲೇ ಇಂಗೆ."

"ದಿನಾ ಹಿಂಗೇನಾ?"

"ನೀವಿದ್ರೆ ನಡೀತೀನಿ. ಯಾರೂ ಇಲ್ದಾಗ ಎದೆ ನಡುಗ್ತದೆ ಕಣವ್ವ. ಆಸ್ಪತ್ರೆಯಿಂದ ಬಂದಾಗ್ಲಿಂದ್ಲೂ ಇಂಗೇಯ." ಅವರು ಅಂಗೈ ತಿರುಗಿಸಿ ನೋಡಿಕೊಂಡರು. "ಆ ನೆಲ ನುಣ್ಣಗಿತ್ತು, ಜರುಗಕ್ಕೆ ಸಲೀಸು. ಇದ್ರಲ್ಲಿ ಒಸಿ ತರಚ್ತದೆ, ಅಷ್ಟೇಯ."

"ಒಂದು ಮಾತು ಹೇಳಬಾರದಿತ್ತಾ?"

"ಅಷ್ಟು ಸುತ್ತಾಡಿ, ಅಷ್ಟು ಆಸೆಪಟ್ಟು ತಂದಿದ್ದೆ. ಏನಂತ ಯೋಳ್ಳಿ?"

ಸಿಟ್ಟು ಬಂತು. ಅವರ ಮೇಲೋ, ಆ ಹಾಳು ಮಡಿಯ ಮೇಲೋ, ನನ್ನ ಮೇಲೋ ತಿಳಿಯಲಿಲ್ಲ. ಹೆಚ್ಚಿನ ಪಾಲು ನನ್ನ ಮೇಲೇ ಇದ್ದಿರಬೇಕು. ಎರಡು ತಾಲ್ಲೂಕಿನ ಕಲ್ಲುಗಳನ್ನೆಲ್ಲ ವಿಚಾರಿಸಿದವಳು, ಅದರ ಮೇಲೆ ಓಡಾಡಬೇಕಾದವರನ್ನು ಒಂದು ಮಾತು ವಿಚಾರಿಸಿರಲಿಲ್ಲ.

ಬಚ್ಚಲಿಗೆ ಹೋದೆ. ಹಂಡೆಯಲ್ಲಿ ಉಗುರುಬೆಚ್ಚಗಿನ ನೀರು ಉಳಿದಿತ್ತು. ಇಸ್ತ್ರಿ ಮಾಡಿದ ಸೀರೆ, ಮುಡಿದ ಹೂವು, ಕೈಗಡಿಯಾರ, ಎಲ್ಲದರ ಸಮೇತ ತಲೆಯ ಮೇಲೆ ಸುರಿದುಕೊಂಡೆ. ಸಾಲದೆಂದು ಮತ್ತೆ ಸುರಿದುಕೊಂಡೆ. ನೀರು ಸೋರಿಸುತ್ತ ಬಂದು ಅವರ ಮುಂದೆ ನಿಂತೆ.

"ಈಗ ನಾನೂ ಮಡಿ. ಏಳಿ."

ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಸ್ಕೂಲು?"

"ಮಕ್ಕಳು ಒಂದು ದಿನ ಖುಷಿಯಾಗಿರ್ಲಿ, ಏಳಿ."

ಅವರು ಕೈ ಚಾಚಿದರು. ಅಂಗೈ ಸುಲಿದು ಬಿಸಿಯಾಗಿತ್ತು. ಕಂಕುಳಿಗೆ ತೋಳು ಕೊಟ್ಟು ಎಬ್ಬಿಸಿದೆ. ಇಷ್ಟೇ ಇಷ್ಟು ಹಗುರ. ಇಬ್ಬರೂ ಒದ್ದೆಯಾಗಿ, ಒಂದೊಂದೇ ಹೆಜ್ಜೆ ಇಡುತ್ತ ಹೋದೆವು. ದೇವರ ಕೋಣೆಯ ಹೊಸಿಲು ಬಂತು. ಬಿಡಿಸಿಕೊಳ್ಳಬಹುದೆಂದು ನಾನು ತೋಳು ಸಡಿಲಿಸಿದೆ. ಅತ್ತೆ ಬಿಡಲಿಲ್ಲ.