ಇಳಿಜಾರಿಲ್ಲದ ಪೈಪು

ಮಂಚದ ಮೇಲಿದ್ದ ಬಕೆಟ್ಟಿನ ನೀರು ಚೆಲ್ಲಿ ಬಂದು, ಸದ್ದಿಲ್ಲದೆ ಅದನ್ನು ಮತ್ತೆ ಅಲ್ಲೇ ಇಟ್ಟೆ. ಮಹಡಿಯ ಬಟ್ಟೆ ಒಗೆಯುವ ಕೋಣೆಯ ಪೈಪು ನನ್ನ ಮಂಚದ ಮೇಲೆಯೇ ಹಾದುಹೋಗುತ್ತಿತ್ತು. ಅದನ್ನು ಹಾಕಿದವರು ಸೋದರಮಾವ. ಅದರ ಕೆಳಗಿನ ಕಿಟಕಿಗೆ ಸಮವಾಗಿ ಕಾಣಲಿ ಎಂದು ಇಳಿಜಾರನ್ನೇ ಕೊಟ್ಟಿರಲಿಲ್ಲ. ನೀರು ಒಳಗೇ ನಿಂತು ಜಾಯಿಂಟಿನಿಂದ ತೊಟ್ಟಿಕ್ಕುತ್ತಿತ್ತು.

"ಗೆರೆ ಎಳೆದ ಹಾಗಿದೆ ನೋಡಿ ಭಾವ," ಎಂದರು ಕೋಣೆಗೆ ಬಂದ ಮಾವ, ಪೈಪು ತೋರಿಸುತ್ತ.

"ಇದೆಯಪ್ಪಾ. ನೀರು ಮಾತ್ರ ಹೊರಡೋ ಮನಸ್ಸೇ ಮಾಡ್ತಿಲ್ಲ," ಎಂದರು ಅಪ್ಪ.

ಅಮ್ಮ ಸಿಡುಕಿದಳು. "ನನ್ನ ತಮ್ಮ ಮಾಡಿದ್ದಕ್ಕೆಲ್ಲ ಕೊಂಕು! ಇವಳ ಮಂಚ ಸರಿಸಿದ್ರೆ ಆಯ್ತಲ್ಲ."

ಮೂವರೂ ಸೇರಿ ಸರಿಸಿದರು. ಈಗ ಕೋಣೆಯ ಬಾಗಿಲು ಅರ್ಧ ಮಾತ್ರ ತೆರೆಯುತ್ತಿತ್ತು. ಮಾವ ಕೈ ಝಾಡಿಸಿಕೊಂಡು ಅಡ್ಡಡ್ಡವಾಗಿ ನುಸುಳಿ ಹೊರಟರು. ಅಪ್ಪ, ಅಮ್ಮನೂ ಹಾಗೆಯೇ ನುಸುಳಿದರು.

"ಮಾವ, ಪೈಪಿನ ನೀರು ಹೊರಗೆ ಹೋಗೋ ತುದೀನ ಸ್ವಲ್ಪ ಕೆಳಗಿಳಿಸಿ ಕೊಡ್ತೀರಾ?" ಎಂದು ಬಾಗಿಲ ಸಂದಿಯಿಂದ ಕೇಳಿದೆ.