ಹದಿನಾಲ್ಕು ಮನೆಯ ಒಬ್ಬ

ಕಚೇರಿಯಲ್ಲಿ ಅವಳಿಗೆ ಮೂಗಿ ಎಂಬ ಹೆಸರು ಅಂಟಿಕೊಂಡಿತ್ತು. ಮಾತು ಬರದವಳೇನಲ್ಲ; ಆಡುತ್ತಿರಲಿಲ್ಲ, ಅಷ್ಟೆ. ಎಂಟನೇ ತರಗತಿಗೇ ಶಾಲೆ ಬಿಟ್ಟಿದ್ದರೂ ಬೆರಳು ಚುರುಕು. ಅಪರಾಧಗಳ ಬಗ್ಗೆ ಅಧ್ಯಯನ ನಡೆಸುವ ಆ ಕಚೇರಿಯವರು ಮನೆಮನೆಗೆ ಹೋಗಿ ತುಂಬಿಸಿಕೊಂಡು ಬಂದ ಫಾರಂಗಳನ್ನು ಕಂಪ್ಯೂಟರಿಗೆ ಏರಿಸುವುದು ಅವಳ ಕೆಲಸ.

ಆ ದಿನ ಮೇಜಿಗೆ ಬಂದ ಕಟ್ಟು ಅವಳದೇ ಓಣಿಯದು. ಹೆಸರು ಕೇಳಿದರೆ ಸಾಕು, ಜನ ಜೇಬು ಮುಟ್ಟಿ ನೋಡಿಕೊಳ್ಳುವ ಓಣಿ. ಕೆಲಸಕ್ಕೆ ಸೇರುವಾಗ ಅವಳು ಚಿಕ್ಕಮ್ಮನ ವಿಳಾಸ ಕೊಟ್ಟಿದ್ದಳು.

ಮನೆಯಲ್ಲಿ ಯಾರಾದರೂ ಜೈಲಿಗೆ ಹೋಗಿದ್ದಾರೆಯೇ? ಹದಿನಾಲ್ಕು ಮನೆ, ಹದಿನಾಲ್ಕು ‘ಹೌದು’. ಎಲ್ಲದರಲ್ಲೂ ವಯಸ್ಸು ಮೂವತ್ತು. ಸೈಕಲ್ ಕಳವು. ಗುಟ್ಟು ಕಾಪಾಡಲೆಂದು ಮನೆ ನಂಬರು ಬಿಟ್ಟು ಯಾರ ಹೆಸರನ್ನೂ ಕೇಳಿರಲಿಲ್ಲ.

“ನೋಡಿದ್ರಾ ಮೇಡಂ? ಒಂದೇ ವಯಸ್ಸು, ಒಂದೇ ಕಸುಬು. ಇದು ಓಣಿ ಅಲ್ಲ, ಕಳ್ಳರ ಕಾರ್ಖಾನೆ!” ಎಂದು ಗುಮಾಸ್ತ ನಕ್ಕ.

ಅಧ್ಯಯನ ನಡೆಸುತ್ತಿದ್ದ ಮೇಡಂ ನಗಲಿಲ್ಲ. “ಸಂಜೆ ವರದಿ ಸರ್ಕಾರದ ಸಮಿತಿಗೆ ಹೋಗ್ಬೇಕು. ಇದನ್ನ ನೋಡಿದ್ರೆ ಆ ಓಣಿ ಪೊಲೀಸರ ಪಟ್ಟಿಗೆ ಸೇರೋದು ಖಂಡಿತ. ಗಂಡಸರೆಲ್ಲ ವಾರವಾರ ಠಾಣೆಗೆ ಹೋಗಿ ಸಹಿ ಹಾಕ್ಬೇಕಾಗತ್ತೆ.”

ಅವಳ ಅಣ್ಣನಿಗೆ ಶಾಲೆಯ ಬಸ್ಸು ಓಡಿಸುವ ಕೆಲಸ ಸಿಕ್ಕಿ ಎರಡೇ ತಿಂಗಳಾಗಿತ್ತು. ಠಾಣೆಯಲ್ಲಿ ಸಹಿ ಹಾಕುವವನನ್ನು ನಂಬಿ ಮಕ್ಕಳನ್ನು ಯಾರು ಕಳಿಸುತ್ತಾರೆ?

“ಮೇಡಂ, ಹದಿನಾಲ್ಕು ಜನ ಅಲ್ಲ. ಒಬ್ಬನೇ.”

“ಅರೆ, ಮೂಗಿಗೆ ಮಾತು ಬಂತು!” ಎಂದ ಗುಮಾಸ್ತ.

“ನೀವು ಸುಮ್ನಿರಿ. ಒಬ್ಬನೇ ಅಂದ್ರೆ ಏನಮ್ಮ?”

“ಗುಂಗುರು ಅಂತ. ಹುಟ್ಟುತ್ಲೇ ತಾಯಿ ತೀರ್ಕೊಂಡ್ಲು. ಒಂದೊಂದು ದಿನ ಒಂದೊಂದು ಮನೇಲಿ ಉಂಡು, ಮಲಗಿ ದೊಡ್ಡೋನಾದ. ಸೈಕಲ್ ಕದ್ದಿದ್ದು ನಿಜ. ಆದ್ರೆ ನಿಮ್ಮೋರು ಬಂದು ಕೇಳಿದಾಗ, ತುತ್ತಿಟ್ಟು ಬೆಳೆಸಿದೋರು ಅವನು ನಮ್ಮನೆಯೋನಲ್ಲ ಅಂತ ಹೆಂಗಂತಾರೆ?”

“ಇಷ್ಟೆಲ್ಲ ನಿನಗೆ ಹೇಗೆ ಗೊತ್ತು?”

ಅವಳು ಹೆದರಿದ್ದೇ ಈ ಪ್ರಶ್ನೆಗೆ. ಕಟ್ಟಿನಿಂದ ಒಂದು ಫಾರಂ ಎಳೆದಳು. “ಇದು ನಮ್ಮನೇದು. ಹೌದು ಅಂದಿದ್ದು ನಮ್ಮಮ್ಮ.”

ಗುಮಾಸ್ತನ ಕೈ ಜೇಬಿನತ್ತ ಹೋಗಿ ಅರ್ಧದಲ್ಲೇ ನಿಂತಿತು. ಅವಳು ನೋಡಿದಳು. ನೋಡದವಳಂತೆ ನಟಿಸಲಿಲ್ಲ.

ಮೇಡಂ ಫಾರಂಗಳನ್ನೆಲ್ಲ ಹರಡಿಕೊಂಡು ಒಂದೊಂದನ್ನೂ ತಾಳೆ ನೋಡಿದರು.

“ಮೂರು ವರ್ಷದ ಕೆಲಸ,” ಎಂದರು ಕೊನೆಗೆ. “ಆ ಓಣಿಯವರನ್ನ ಒಬ್ಬರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಕೇಳ್ಲಿಲ್ಲ ನಾನು.” ಪೆನ್ನು ತೆಗೆದರು. “ಒಂದು ಮನೇಲಿ ಹೌದು ಉಳಿಸಿ, ಮಿಕ್ಕಿದ್ದರಲ್ಲಿ ಇಲ್ಲ ಅಂತ ತಿದ್ದೋಣ. ನಿಮ್ಮನೇದನ್ನೇ ಮೊದಲು ತಿದ್ಲಾ?”

ಅವಳು ಫಾರಂ ಮೇಲೆ ಅಂಗೈ ಊರಿದಳು.

“ಬೇಡ ಮೇಡಂ. ಅಮ್ಮ ಸುಳ್ಳು ಹೇಳಿಲ್ಲ. ಜೈಲಿಗೆ ಹೋದೋನು ಒಬ್ಬ, ಹದಿನಾಲ್ಕು ಮನೇನೂ ಅವನದೇ ಅಂತ ಬರೀರಿ.”

ಮೇಡಂ ಪೆನ್ನು ಕೆಳಗಿಟ್ಟರು. “ನೀನೇ ಬರಿ. ಅಲ್ಲೀವರೆಗೂ ವರದಿ ಹೋಗಲ್ಲ.”

ಬರೆದು ಮುಗಿಸಿದ ಮೇಲೆ ಅವಳು ಕಪಾಟಿನಿಂದ ಸಿಬ್ಬಂದಿ ಪುಸ್ತಕ ಇಳಿಸಿದಳು. ತನ್ನ ಹೆಸರಿನ ಮುಂದಿದ್ದ ಚಿಕ್ಕಮ್ಮನ ವಿಳಾಸಕ್ಕೆ ಅಡ್ಡಗೆರೆ ಎಳೆದು, ಕೆಳಗೆ ಓಣಿಯ ಹೆಸರನ್ನು ನಿಧಾನವಾಗಿ, ದಪ್ಪಕ್ಷರದಲ್ಲಿ ಬರೆದಳು.